ಕಿರು ಸಾಕ್ಷ್ಯಚಿತ್ರ, ಹೊಸ ನಿರ್ದೇಶಕರು ಮತ್ತು ಕರ್ನಾಟಕದ ಉತ್ಸವಗಳು

ಕಿರು ಸಾಕ್ಷ್ಯಚಿತ್ರ ಎಂದರೆ ಎಷ್ಟು ನಿಮಿಷದ್ದು ಎಂಬುದಕ್ಕೆ ಎಲ್ಲ ಉತ್ಸವಗಳೂ ಒಪ್ಪಿದ ಒಂದೇ ಅಳತೆಯಿಲ್ಲ. ಆಸ್ಕರ್ ನಿಯಮದ ಪ್ರಕಾರ ನಾಮಾವಳಿಯೂ ಸೇರಿ 40 ನಿಮಿಷ ಮೀರಬಾರದು. ಗೋವಾದಲ್ಲಿ ನಡೆಯುವ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಪನೋರಮಾ ವಿಭಾಗ 70 ನಿಮಿಷದವರೆಗಿನ ಚಿತ್ರಗಳನ್ನು ನಾನ್-ಫೀಚರ್ ಎಂಬ ಗುಂಪಿಗೆ ಸೇರಿಸಿ, ಕಿರುಕಥಾಚಿತ್ರವನ್ನೂ ಸಾಕ್ಷ್ಯಚಿತ್ರವನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಹೊಸ ನಿರ್ದೇಶಕರು ಯಾರು ಎಂಬುದೂ ಹೀಗೆಯೇ ಸಡಿಲ. ಚಲನಚಿತ್ರ ಶಾಲೆಯ ಡಿಪ್ಲೊಮಾ ಚಿತ್ರ ಮಾಡಿದ ವಿದ್ಯಾರ್ಥಿ, ಪತ್ರಿಕೆಯ ಕೆಲಸದಿಂದ ಕ್ಯಾಮೆರಾದ ಕಡೆಗೆ ಹೊರಳಿದ ವರದಿಗಾರ, ಸಂಘಟನೆಯೊಂದರ ಕಾರ್ಯಕರ್ತೆ, ಮದುವೆ ವಿಡಿಯೊ ತೆಗೆಯುತ್ತಲೇ ಸ್ವಂತ ಊರಿನ ಬಗ್ಗೆ ಇಪ್ಪತ್ತು ನಿಮಿಷದ ಚಿತ್ರ ಕಟ್ಟಿದವರು, ಎಲ್ಲರೂ ಈ ಹೆಸರಿನಡಿ ಬರುತ್ತಾರೆ. ಇವರೆಲ್ಲರಿಗೂ ಸಮಾನವಾದ ಸಂಗತಿ ಒಂದಿದೆ. ಅವರ ಚಿತ್ರಕ್ಕೆ ಚಿತ್ರಮಂದಿರದಲ್ಲಿ ಜಾಗವಿಲ್ಲ, ಟಿ.ವಿ.ಯಲ್ಲಿ ಹೊತ್ತಿಲ್ಲ. ದೊಡ್ಡ ಪರದೆ, ಕತ್ತಲ ಕೋಣೆ, ಕೂತು ನೋಡಿ ಪ್ರಶ್ನೆ ಕೇಳುವ ಪ್ರೇಕ್ಷಕರು ಸಿಗುವುದು ಉತ್ಸವದಲ್ಲಿ ಮಾತ್ರ. ಹಾಗಾಗಿ ಉತ್ಸವಗಳು ಎಲ್ಲಿ ನಡೆಯುತ್ತವೆ, ಯಾವ ಚಿತ್ರಕ್ಕೆ ಬಾಗಿಲು ತೆರೆಯುತ್ತವೆ ಎಂಬುದೇ ಕನ್ನಡ ಸಾಕ್ಷ್ಯಚಿತ್ರದ ಹಣೆಬರಹವನ್ನು ಬಹುಮಟ್ಟಿಗೆ ಬರೆಯುತ್ತದೆ.

ಒಂದು ಕಾಲದಲ್ಲಿ ಪರಿಸ್ಥಿತಿ ಬೇರೆ ಇತ್ತು. 1948ರಲ್ಲಿ ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಷನ್ ಸ್ಥಾಪನೆಯಾಯಿತು. ಪ್ರತಿ ಚಿತ್ರಮಂದಿರವೂ ಮುಖ್ಯ ಚಿತ್ರಕ್ಕೆ ಮುಂಚೆ ಅದರ ವಾರ್ತಾಚಿತ್ರವನ್ನೋ ಕಿರು ಸಾಕ್ಷ್ಯಚಿತ್ರವನ್ನೋ ತೋರಿಸಲೇಬೇಕು ಎಂಬ ಷರತ್ತು ಪರವಾನಗಿಯಲ್ಲೇ ಇತ್ತು. ಅಲ್ಲಿಂದ ಮುಂದೆ ಹಲವು ದಶಕ ಅಣೆಕಟ್ಟು, ಪಂಚವಾರ್ಷಿಕ ಯೋಜನೆ, ಸಿಡುಬಿನ ಲಸಿಕೆಗಳ ಬಗೆಗಿನ ಕಪ್ಪು-ಬಿಳುಪು ಚಿತ್ರಗಳು ಟಿಕೆಟ್ ಕೊಂಡವರೆಲ್ಲರ ಕಣ್ಣಿಗೂ ಬಿದ್ದವು. ಅವುಗಳಲ್ಲಿ ಬಹುಪಾಲು ಸರ್ಕಾರದ ದನಿಯಲ್ಲೇ ಮಾತನಾಡಿದವು, ನಿಜ. ಆದರೆ ಎಸ್.ಎನ್.ಎಸ್. ಶಾಸ್ತ್ರಿಯವರ ‘ಐ ಆ್ಯಮ್ 20’ (1967) ಬಂದದ್ದೂ ಅದೇ ಸಂಸ್ಥೆಯಿಂದಲೇ. ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದ ಯುವಕ ಯುವತಿಯರನ್ನು ದೇಶದ ಉದ್ದಗಲದಲ್ಲಿ ಹುಡುಕಿ, ಅವರ ಆಸೆ, ಅಸಮಾಧಾನ, ಉಡಾಫೆಗಳನ್ನು ಅವರ ಬಾಯಿಂದಲೇ ಹೇಳಿಸಿದ ಈ ಚಿತ್ರವನ್ನು ಇಂದಿಗೂ ಹೊಸಬರಿಗೆ ಪಾಠವಾಗಿ ತೋರಿಸಬಹುದು. ಮೈಸೂರಿನ ಎಂ.ವಿ. ಕೃಷ್ಣಸ್ವಾಮಿ ಕೂಡ ಫಿಲ್ಮ್ಸ್ ಡಿವಿಷನ್‌ನಲ್ಲಿ ದುಡಿದು, ಆಮೇಲೆ ‘ಸುಬ್ಬಾಶಾಸ್ತ್ರಿ’ (1966) ಎಂಬ ಕನ್ನಡ ಕಥಾಚಿತ್ರ ನಿರ್ದೇಶಿಸಿದವರು.

ಕಥೆಯಲ್ಲದ ಚಿತ್ರಗಳ ಈ ಚರಿತ್ರೆಯಲ್ಲಿ ಕಲಬುರಗಿ (ಹಿಂದಿನ ಗುಲ್ಬರ್ಗಾ) ಜಿಲ್ಲೆಗೆ ದೊಡ್ಡದೊಂದು ಅಧ್ಯಾಯವಿದೆ. ಕರ್ನಾಟಕದ ಸಿನಿಮಾ ಚರಿತ್ರೆಗಳಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ‘ಸೈಟ್’ ಎಂಬ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ ನಡೆಸಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ಇಳಿದವು. ಕರ್ನಾಟಕದಲ್ಲಿ ಇದಕ್ಕೆ ಆರಿಸಿಕೊಂಡದ್ದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಕಟ್ಟಿದ ಸುಮಾರು ಮೂರು ಮೀಟರ್ ಅಗಲದ ಆಂಟೆನಾ ಬಯಲಲ್ಲಿ ನಿಂತಿತು. ಶಾಲೆಯಲ್ಲೋ ಪಂಚಾಯ್ತಿ ಕಟ್ಟೆಯ ಮೇಲೋ ಊರಿಗೆಲ್ಲ ಒಂದು ಟಿ.ವಿ. ಬೆಳಿಗ್ಗೆ ಒಂದೂವರೆ ತಾಸು ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ವಿಜ್ಞಾನ ಪಾಠ ಎಲ್ಲವೂ ಇದ್ದವು. ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಪ್ರಯೋಗ ಮುಗಿದ ಮೇಲೆ, 1977ರಲ್ಲಿ, ಗುಲ್ಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಯವರು ಟಿ.ವಿ. ಕಾಣುವ ಮೊದಲೇ ಈ ಭಾಗದ ರೈತರು, ಕೂಲಿಕಾರರು, ಶಾಲಾಮಕ್ಕಳು ಸಂಜೆ ಒಟ್ಟಿಗೆ ಕೂತು ಕಥೆಯಲ್ಲದ ಚಿತ್ರಗಳನ್ನು ನೋಡಿ, ನೋಡಿದ್ದರ ಬಗ್ಗೆ ಚರ್ಚಿಸಿದ್ದರು. ಹಿಂದುಳಿದ ಭಾಗದವರು ಸಾಕ್ಷ್ಯಚಿತ್ರ ನೋಡುವುದಿಲ್ಲ ಎನ್ನುವ ಸಲೀಸಾದ ಮಾತಿಗೆ ಈ ಒಂದು ವರ್ಷವೇ ಸಾಕಷ್ಟು ಉತ್ತರ.

ಹೊಸ ನಿರ್ದೇಶಕರು ತಯಾರಾಗುವ ದಾರಿಗಳ ಪೈಕಿ ಚಲನಚಿತ್ರ ಶಿಕ್ಷಣ ಕರ್ನಾಟಕದಲ್ಲಿ ಬಹಳ ಹಳೆಯದು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಛಾಯಾಗ್ರಹಣ ತರಗತಿಯಿಂದ ವಿ.ಕೆ. ಮೂರ್ತಿ 1946ರಲ್ಲೂ ಗೋವಿಂದ ನಿಹಲಾನಿ 1962ರಲ್ಲೂ ಹೊರಬಂದರು. ಕಿರುಚಿತ್ರದ ಮೆಟ್ಟಿಲು ಹತ್ತಿ ಕಥಾಚಿತ್ರಕ್ಕೆ ಹೋದವರೂ ಇದ್ದಾರೆ. ಎನ್. ಲಕ್ಷ್ಮೀನಾರಾಯಣ್ ‘ನಾಂದಿ’ಗೆ (1964) ಮುಂಚೆ ‘ಬ್ಲಿಸ್’ ಎಂಬ ಕಿರುಚಿತ್ರ ಮಾಡಿದ್ದರು. ಗಿರೀಶ ಕಾಸರವಳ್ಳಿಯವರು ಪುಣೆಯಲ್ಲಿ ಓದುವಾಗ ಮಾಡಿದ ‘ಅವಶೇಷ್’ ರಾಷ್ಟ್ರಪ್ರಶಸ್ತಿ ಪಡೆಯಿತು. ಗಿರೀಶ ಕಾರ್ನಾಡರು ಬೇಂದ್ರೆಯವರ ಮೇಲೆ 1972ರಲ್ಲಿ ಮಾಡಿದ ಚಿತ್ರ ಮತ್ತು ಸ್ವರ್ಣಕಮಲ ಪಡೆದ ‘ಕನಕ-ಪುರಂದರ’ (1988) ಕನ್ನಡದ ಕವಿ-ಸಂತರನ್ನು ಕ್ಯಾಮೆರಾ ಹೇಗೆ ಕಾಣಬಹುದು ಎಂಬುದಕ್ಕೆ ಮಾದರಿಗಳಾದವು. ಆದರೆ ಇವರಲ್ಲಿ ಹೆಚ್ಚಿನವರ ಮನೆ ಕಥಾಚಿತ್ರವೇ. ಸಾಕ್ಷ್ಯಚಿತ್ರ ಅವರಿಗೆ ದಾರಿಯಲ್ಲಿ ಸಿಕ್ಕ ತಂಗುದಾಣ. ಸಾಕ್ಷ್ಯಚಿತ್ರವನ್ನೇ ಬದುಕಿನ ಕೆಲಸ ಮಾಡಿಕೊಂಡ ಪೀಳಿಗೆ ಕಾಣಿಸಿಕೊಂಡದ್ದು 1980ರ ದಶಕದಲ್ಲಿ, ಅದೂ ಗಡಿಜಿಲ್ಲೆಯ ತಂಬಾಕು ಕಾರ್ಖಾನೆಯೊಂದರ ಧೂಳಿನ ನಡುವೆ.

ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ 1980ರಲ್ಲಿ ‘ಯುಗಾಂತರ್’ ಎಂಬ ಚಿತ್ರ ತಂಡ ಕಟ್ಟಿದರು. ಪುಣೆಯ ಮನೆಗೆಲಸದ ಹೆಂಗಸರ ಬಗೆಗಿನ ‘ಮೋಲ್ಕರಿಣ್’ (1981) ಅವರ ಮೊದಲ ಚಿತ್ರ. ಎರಡನೆಯದು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು: ‘ತಂಬಾಕು ಚಾಕಿಲಾ ಊಬ್ ಆಲಿ’ (1982). ಸುಮಾರು 25 ನಿಮಿಷದ ಈ ಚಿತ್ರಕ್ಕಾಗಿ ತಂಡ ನಾಲ್ಕು ತಿಂಗಳು ತಂಬಾಕು ಕಾರ್ಖಾನೆಯ ಕೂಲಿಹೆಂಗಸರ ಜೊತೆ ಕಳೆಯಿತು. ಕೆಲಸದ ಹೊತ್ತು, ಕೂಲಿ, ಧೂಳು, ಮೇಸ್ತ್ರಿಗಳ ಕಿರುಕುಳ, ಸಂಘ ಕಟ್ಟುವ ಬಗೆ, ಮುಷ್ಕರದ ಲೆಕ್ಕಾಚಾರ ಇವೆಲ್ಲವನ್ನೂ ಅವರಿಂದಲೇ ಕೇಳಿ, ಏನನ್ನು ಚಿತ್ರಿಸಬೇಕೆಂಬುದನ್ನು ಅವರ ಜೊತೆ ಕೂತು ತೀರ್ಮಾನಿಸಿತು. ಅದುವರೆಗೆ ಹೊರಗಿನವರು ಕಾಣದಿದ್ದ ಕಾರ್ಖಾನೆಯ ಒಳಭಾಗ ಹೀಗೆ ಪರದೆಗೆ ಬಂತು. ಮೇಲಿನಿಂದ ವಿವರಿಸುವ ವಿದ್ವತ್ತಿನ ದನಿ ಇದರಲ್ಲಿಲ್ಲ. ದುಡಿಯುವ ಹೆಂಗಸರ ದನಿಯೇ ನಿರೂಪಣೆ, ಅದೂ ‘ನಾವು’ ಎಂದು ಮಾತನಾಡುವ ದನಿ. ನಂತರ ಈ ಚಿತ್ರಗಳ 16 ಎಂ.ಎಂ. ಪ್ರತಿಗಳು ಮಹಿಳಾ ಗುಂಪುಗಳಿಗೂ ಕಾರ್ಮಿಕ ಸಂಘಗಳಿಗೂ ಹೋದವು. ಇದನ್ನು ಮಾಡಿದಾಗ ಯುಗಾಂತರ್‌ನವರೂ ಹೊಸಬರೇ. ಅವರ ಕೈಲಿದ್ದದ್ದು ಸ್ವಲ್ಪ ದುಡ್ಡು, ಭಾರವಾದ ಕ್ಯಾಮೆರಾ ಮತ್ತು ಧಾರಾಳವಾಗಿ ಕೊಟ್ಟ ಸಮಯ. ಇವತ್ತು ಹೊಸಬರ ಕೈಲಿ ಹಗುರವಾದ ಕ್ಯಾಮೆರಾ ಇದೆ. ನಾಲ್ಕು ತಿಂಗಳು ಒಂದೆಡೆ ಕೂರುವ ವ್ಯವಧಾನಕ್ಕೆ ಹಣ ಕೊಡುವವರು ಕಡಿಮೆ. ಉತ್ಸವಕ್ಕೆ ಬರುವ ಮೊದಲ ಚಿತ್ರಗಳಲ್ಲಿ ಕಾಣುವ ತೆಳುವಿಗೆ ಪ್ರತಿಭೆಯ ಕೊರತೆಗಿಂತ ಈ ಸಮಯದ ಕೊರತೆಯೇ ಹೆಚ್ಚು ಕಾರಣ.

ಬೆಂಗಳೂರಿನ ಚಲಂ ಬೆನ್ನೂರಕರ್ ಅವರ ‘ಕುಟ್ಟಿ ಜಪಾನಿನ್ ಕುಳಂದೈಗಳ್’ (1990) ಕನ್ನಡಿಗರೊಬ್ಬರು ನೆರೆನಾಡಿನ ಶಿವಕಾಶಿಗೆ ಹೋಗಿ ಬೆಂಕಿಪೊಟ್ಟಣದ ಕಾರ್ಖಾನೆಗಳ ಬಾಲಕಾರ್ಮಿಕರ ಬಗ್ಗೆ ಮಾಡಿದ ಚಿತ್ರ. ದೀಪಾ ಧನರಾಜ್ ಕುಟುಂಬ ಯೋಜನೆಯ ಹಿಂಸೆಯನ್ನು ಬಯಲಿಗಿಟ್ಟ ‘ಸಮ್‌ಥಿಂಗ್ ಲೈಕ್ ಎ ವಾರ್’ (1991) ಚಿತ್ರದಿಂದ ಹೈದರಾಬಾದ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ಚಳವಳಿಯನ್ನು ಹಿಂಬಾಲಿಸಿದ ‘ವಿ ಹ್ಯಾವ್ ನಾಟ್ ಕಮ್ ಹಿಯರ್ ಟು ಡೈ’ (2018) ಚಿತ್ರದವರೆಗೆ ಎಡೆಬಿಡದೆ ದುಡಿದರು. ಶಬನಮ್ ವೀರಮಾನಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿದ್ದುಕೊಂಡು 2003ರಲ್ಲಿ ಕಬೀರ್ ಯೋಜನೆ ಕೈಗೆತ್ತಿಕೊಂಡರು. ಅದರಿಂದ ಹೊಮ್ಮಿದ ನಾಲ್ಕು ಚಿತ್ರಗಳಲ್ಲಿ ‘ಕೋಯಿ ಸುನತಾ ಹೈ’ ಬೆಳಗಾವಿ ಜಿಲ್ಲೆಯ ಸೂಳೇಭಾವಿಯಿಂದ ಮಾಳವಕ್ಕೆ ಹೋಗಿ ನೆಲೆಸಿದ ಕುಮಾರ ಗಂಧರ್ವರ ಹಾಡಿಕೆಯ ಜಾಡು ಹಿಡಿಯುತ್ತದೆ. ಉಷಾ ರಾವ್ ಮತ್ತು ಗೌತಮ್ ಸೊಂಟಿ ಅವರ ‘ಅವರ್ ಮೆಟ್ರೊಪೊಲಿಸ್’ (2014) ಮೆಟ್ರೊ ಕಾಮಗಾರಿಯ ವರ್ಷಗಳಲ್ಲಿ ಬೆಂಗಳೂರು ಯಾರ ಊರಾಗುತ್ತಿದೆ ಎಂದು ಕೇಳಿತು. ಇವುಗಳಲ್ಲಿ ಹಲವು ಕಿರುಚಿತ್ರಗಳಲ್ಲ. ಆದರೆ ಇವತ್ತಿನ ಹೊಸಬರು ನೋಡಿ ಬೆಳೆದದ್ದು ಇವುಗಳನ್ನೇ.

ಡಿಜಿಟಲ್ ವಿಡಿಯೊ ಬಂದ ಮೇಲೆ ಚಿತ್ರ ತೆಗೆಯುವುದು ಅಗ್ಗವಾಯಿತು. ಫಿಲ್ಮ್ ರೋಲು, ಪ್ರಯೋಗಾಲಯದ ಸಂಸ್ಕರಣೆ, ಪ್ರತಿ ತೆಗೆಸುವ ಖರ್ಚು ಇಲ್ಲವಾದಾಗ ಹತ್ತು ವರ್ಷದಲ್ಲಿ ಮಾಡುವಷ್ಟು ಚಿತ್ರಗಳನ್ನು ಒಂದೇ ವರ್ಷದಲ್ಲಿ ಮಾಡಬಹುದಾಯಿತು. ತೋರಿಸುವುದು ಮಾತ್ರ ಸುಲಭವಾಗಲಿಲ್ಲ. 1990ರಲ್ಲಿ ಆರಂಭವಾದ ಮುಂಬಯಿ ಅಂತರರಾಷ್ಟ್ರೀಯ ಉತ್ಸವ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್‌ಗಳಿಗೇ ಮೀಸಲಾದದ್ದು. 2004ರ ಉತ್ಸವಕ್ಕೆ ಭಾರತೀಯ ಚಿತ್ರಗಳಿಗೆ ಮಾತ್ರ ಸೆನ್ಸಾರ್ ಪ್ರಮಾಣಪತ್ರ ಕಡ್ಡಾಯ ಮಾಡುವ ಮಾತು ಬಂದಾಗ ದೇಶದ ಸಾಕ್ಷ್ಯಚಿತ್ರಕಾರರು ಒಟ್ಟಾಗಿ ವಿರೋಧಿಸಿದರು. ನಿಯಮ ಹಿಂದೆ ಸರಿಯಿತು. ಆದರೆ ಹಲವು ರಾಜಕೀಯ ಚಿತ್ರಗಳು ಆಯ್ಕೆಯಾಗಲಿಲ್ಲ. ಆಗ ಅದೇ ಊರಲ್ಲಿ ಅದೇ ಹೊತ್ತಿಗೆ ‘ವಿಕಲ್ಪ’ ಎಂಬ ಪರ್ಯಾಯ ಉತ್ಸವ ನಡೆಯಿತು. ಉತ್ಸವವೆಂದರೆ ಸರ್ಕಾರವೇ ಕೊಡಬೇಕಾದದ್ದಲ್ಲ, ಪ್ರೊಜೆಕ್ಟರ್ ಮತ್ತು ಬಿಳಿ ಪರದೆ ಇದ್ದರೆ ನಾವೇ ಮಾಡಬಹುದು ಎಂಬ ಧೈರ್ಯ ಅಲ್ಲಿಂದ ಹಲವು ಊರುಗಳಿಗೆ ಹರಡಿತು. ಬೆಂಗಳೂರಿನಲ್ಲಿ ಪೆಡೆಸ್ಟ್ರಿಯನ್ ಪಿಕ್ಚರ್ಸ್ ತಂಡ ಚಿತ್ರ ಮಾಡುವುದರ ಜೊತೆಗೆ ಕಾಲೇಜು, ಬಡಾವಣೆ, ಸಂಘಟನೆಗಳ ಸಭೆಗಳಿಗೆ ಚಿತ್ರ ಒಯ್ದು ತೋರಿಸುವ ಕೆಲಸಕ್ಕೂ ಇಳಿಯಿತು.

ರಾಜ್ಯದಲ್ಲಿ ಈಗ ಹೊಸಬರ ಕಿರು ಸಾಕ್ಷ್ಯಚಿತ್ರಕ್ಕೆ ತೆರೆದಿರುವ ಬಾಗಿಲುಗಳನ್ನು ನೋಡಿದರೆ ಹೆಚ್ಚಿನವು ಬೆಂಗಳೂರಿನವು. ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಚಿತ್ರ ನೋಡುವ ಸಂಸ್ಕೃತಿಯನ್ನು ಬೆಳೆಸಿಕೊಂಡು ಬಂದಿದೆ. ಬೆಂಗಳೂರು ಫಿಲ್ಮ್ ಸೊಸೈಟಿ 2005ರಲ್ಲಿ ನೀರಿನ ಕುರಿತ ಚಿತ್ರಗಳಿಗೇ ಮೀಸಲಾದ ‘ವಾಯ್ಸಸ್ ಫ್ರಂ ದಿ ವಾಟರ್ಸ್’ ಉತ್ಸವ ಆರಂಭಿಸಿತು. ಕೆರೆ, ಬಾವಿ, ನದಿ, ಬರ ಎಂದು ಮೊದಲ ಚಿತ್ರ ಮಾಡಿದ ಎಷ್ಟೋ ಮಂದಿಗೆ ವಿಷಯವೇ ಪ್ರವೇಶಪತ್ರವಾಯಿತು. ಬೆಂಗಳೂರು ಕ್ವಿಯರ್ ಚಲನಚಿತ್ರೋತ್ಸವ 2009ರಲ್ಲಿ ಶುರುವಾಯಿತು. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಲ್ಲಿ ಚಿಕ್ಕದಾಗಿ ಆರಂಭವಾಗಿ, ಇಲ್ಲಿ ಗೆದ್ದ ಚಿತ್ರ ಆಸ್ಕರ್ ಪರಿಗಣನೆಗೆ ಅರ್ಹ ಎನ್ನುವ ಮಟ್ಟಕ್ಕೆ ಬೆಳೆದಿದೆ. ಮೈಸೂರಿನ ರಂಗಾಯಣ ತನ್ನ ‘ಬಹುರೂಪಿ’ ನಾಟಕೋತ್ಸವದ ಜೊತೆ ಚಲನಚಿತ್ರೋತ್ಸವವನ್ನೂ ನಡೆಸುತ್ತದೆ. ನಾಟಕಕ್ಕೆಂದು ಬಂದವರು ಬೆಳಗಿನ ಹೊತ್ತು ಸಾಕ್ಷ್ಯಚಿತ್ರ ನೋಡಿ ಹೋಗುವ ಈ ಏರ್ಪಾಡು ಬೇರೆಡೆಗೂ ಹೊಂದುತ್ತದೆ.

2006ರಲ್ಲಿ ಆರಂಭವಾದ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ರಾಜ್ಯದ ಅತಿ ದೊಡ್ಡ ಸಿನಿಮಾ ಹಬ್ಬ. ಈಗ ಅದನ್ನು ಸರ್ಕಾರದ ಪರವಾಗಿ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತದೆ. ಏಷ್ಯಾ, ಭಾರತ, ಕನ್ನಡ ಎಂಬ ಅದರ ಸ್ಪರ್ಧಾ ವಿಭಾಗಗಳು ಕಥಾಚಿತ್ರಗಳವು. ಸಾಕ್ಷ್ಯಚಿತ್ರಕ್ಕೆ ಅಂಚಿನಲ್ಲಿ ಜಾಗ ಸಿಗುತ್ತದೆ, ಪೈಪೋಟಿಯ ನಡುಮನೆಯಲ್ಲಲ್ಲ. ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. ಅಲ್ಲಿನ ಚಲಚಿತ್ರ ಅಕಾಡೆಮಿ ದೊಡ್ಡ ಉತ್ಸವದ ಜೊತೆಗೆ 2008ರಿಂದ ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೇ ಪ್ರತ್ಯೇಕ ಅಂತರರಾಷ್ಟ್ರೀಯ ಉತ್ಸವ ನಡೆಸುತ್ತಿದೆ. ಕಿರು ಸಾಕ್ಷ್ಯಚಿತ್ರ, ದೀರ್ಘ ಸಾಕ್ಷ್ಯಚಿತ್ರ, ಕ್ಯಾಂಪಸ್ ಚಿತ್ರ ಎಂದು ಬೇರೆ ಬೇರೆ ವಿಭಾಗ ಮಾಡಿ ವಿದ್ಯಾರ್ಥಿಗಳನ್ನೂ ಕರೆಯುತ್ತದೆ. ಕನ್ನಡದ ಹೊಸ ಸಾಕ್ಷ್ಯಚಿತ್ರಕಾರರು ತಮ್ಮ ಅಕಾಡೆಮಿಗಿಂತ ಮುಂಚೆ ನೆರೆಯ ರಾಜ್ಯದ ಅಕಾಡೆಮಿಗೆ ಅರ್ಜಿ ಹಾಕುವಂತಾಗಿರುವುದು ಕರ್ನಾಟಕ ಯೋಚಿಸಬೇಕಾದ ವಿಷಯ. ಪ್ರತ್ಯೇಕ ಉತ್ಸವವಾಗದಿದ್ದರೂ ದೊಡ್ಡ ಉತ್ಸವದೊಳಗೆ ಕನ್ನಡ ಕಿರು ಸಾಕ್ಷ್ಯಚಿತ್ರಕ್ಕೊಂದು ಸ್ಪರ್ಧೆ ಏರ್ಪಡಿಸುವುದು ಕಷ್ಟದ ಕೆಲಸವಲ್ಲ.

ಉತ್ಸವದಲ್ಲಿ ತೋರಿಸುವ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ಆದರೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡಬೇಕು. ಸಾಮಾನ್ಯವಾಗಿ ಇದು ಕಾಗದಪತ್ರದ ಕೆಲಸ. ಕೆಲವೊಮ್ಮೆ ಹಾಗಾಗುವುದಿಲ್ಲ. 2017ರ ಕೇರಳ ಉತ್ಸವಕ್ಕೆ ಆಯ್ಕೆಯಾಗಿದ್ದ ಮೂರು ಚಿತ್ರಗಳಿಗೆ ವಿನಾಯಿತಿ ಸಿಗಲಿಲ್ಲ. ಅವುಗಳಲ್ಲಿ ಒಂದಾದ ‘ದಿ ಅನ್‌ಬೇರಬಲ್ ಬೀಯಿಂಗ್ ಆಫ್ ಲೈಟ್‌ನೆಸ್’ ತುಳು ಚಿತ್ರ ‘ಸುದ್ದ’ದ ನಿರ್ದೇಶಕ ರಾಮಚಂದ್ರ ಪಿ.ಎನ್. ಅವರದು, ವಿಷಯ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಸಾವಿನ ನಂತರ ಎದ್ದ ವಿದ್ಯಾರ್ಥಿ ಚಳವಳಿ. 2024ರ ಬೆಂಗಳೂರು ಉತ್ಸವದಲ್ಲಿ ಕೇಸರಿ ಹರವು ಅವರ ‘ಕಿಸಾನ್ ಸತ್ಯಾಗ್ರಹ’ಕ್ಕೂ ಅನುಮತಿ ಸಿಗದೆ ಪ್ರದರ್ಶನ ನಿಂತಿತು. ದೆಹಲಿಯ ಗಡಿಯಲ್ಲಿ ರೈತರು ನಡೆಸಿದ ಹೋರಾಟದ ಚಿತ್ರ ಅದು. ‘ಭೂಮಿಗೀತ’ದಂಥ ಹೆಸರಾಂತ ಚಿತ್ರ ಮಾಡಿದ ಹಿರಿಯರಿಗೇ ಹೀಗಾದರೆ, ಮೊದಲ ಚಿತ್ರ ಹಿಡಿದು ನಿಂತವರು ವಿಷಯ ಆರಿಸುವಾಗಲೇ ಹಿಂಜರಿಯುತ್ತಾರೆ. ನಿರಾಕರಣೆಗಿಂತ ಹೆಚ್ಚಿನ ಹಾನಿ ಈ ಹಿಂಜರಿಕೆಯಿಂದ ಆಗುತ್ತದೆ; ಅದರಿಂದಾಗಿ ಹುಟ್ಟದೇ ಹೋದ ಚಿತ್ರ ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಹೊಸಬರು ಆರಿಸಿಕೊಳ್ಳುವ ವಿಷಯಗಳಲ್ಲಿ ವ್ಯಕ್ತಿಚಿತ್ರಕ್ಕೆ ಮೊದಲ ಸ್ಥಾನ: ಮುಪ್ಪಾದ ಕಲಾವಿದ, ಸೂಲಗಿತ್ತಿ, ಕೊನೆಯ ನೇಕಾರ. ಆಚರಣೆ, ಜಾತ್ರೆ, ಜನಪದ ಕಲೆಗಳ ಚಿತ್ರಗಳೂ ಹೇರಳ. ಪರಿಸರದ ಚಿತ್ರಗಳಿಗೆ ಕರ್ನಾಟಕದಲ್ಲಿ ಗಟ್ಟಿ ಪರಂಪರೆಯೇ ಇದೆ. ಶೇಖರ್ ದತ್ತಾತ್ರಿ 2001ರಲ್ಲಿ ಮಾಡಿದ ಕುದುರೆಮುಖ ಗಣಿಗಾರಿಕೆಯ ಚಿತ್ರ ಹನ್ನೆರಡೇ ನಿಮಿಷದ್ದು. ಮಳೆಗಾಲದಲ್ಲಿ ಗಣಿಯ ಕೆಮ್ಮಣ್ಣು ಕೊಚ್ಚಿ ಭದ್ರಾ ನದಿಗೆ ಇಳಿಯುವುದನ್ನು ಅದು ಕಣ್ಣಾರೆ ತೋರಿಸಿ, ವನ್ಯಜೀವಿ ಸಂರಕ್ಷಕರ ಕಾನೂನು ಹೋರಾಟಕ್ಕೆ ಬಲವಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ 2005ರ ಕೊನೆಗೆ ನಿಲ್ಲಬೇಕೆಂದು ತೀರ್ಪು ನೀಡಿತು. ಕಿರು ಸಾಕ್ಷ್ಯಚಿತ್ರದಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕನ್ನಡ ನಾಡಿನಲ್ಲೇ ಇರುವ ನಿದರ್ಶನ ಇದು. ಮೈಸೂರಿನ ಕೃಪಾಕರ-ಸೇನಾನಿ ಕಾಡುನಾಯಿಗಳ ಬೆನ್ನುಹತ್ತಿ ವರ್ಷಗಟ್ಟಲೆ ದುಡಿದದ್ದು, ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅವರ ‘ವೈಲ್ಡ್ ಕರ್ನಾಟಕ’ (2019) ಚಿತ್ರಮಂದಿರಗಳಿಗೇ ಬಂದು ರಾಷ್ಟ್ರಪ್ರಶಸ್ತಿ ಪಡೆದದ್ದು ಇದೇ ಪರಂಪರೆಯ ಮುಂದುವರಿಕೆ. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯ ಆನೆ ಶಿಬಿರದಲ್ಲಿ ಕಾರ್ತಿಕಿ ಗೊನ್ಸಾಲ್ವಿಸ್ ಮಾಡಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಅವರ ಮೊದಲ ಚಿತ್ರ. 2023ರಲ್ಲಿ ಅದಕ್ಕೆ ಆಸ್ಕರ್ ಬಂದ ಮೇಲೆ ಹೊಸಬರಲ್ಲಿ ಕಿರು ಸಾಕ್ಷ್ಯಚಿತ್ರದ ಬಗ್ಗೆ ಹುಮ್ಮಸ್ಸು ಹೆಚ್ಚಿತು. ಜೊತೆಗೆ ಮನಸ್ಸು ಕರಗಿಸುವ ಪ್ರಾಣಿ-ಮನುಷ್ಯ ಕಥೆಗಳ ಅನುಕರಣೆಯೂ ಹೆಚ್ಚುವ ಅಪಾಯವಿದೆ.

ಮೊದಲ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳೂ ಇವೆ. ಆರಂಭದಲ್ಲೇ ಡ್ರೋನ್ ಹಾರುತ್ತದೆ; ಊರು ಮೇಲಿನಿಂದ ಚೆಂದ ಕಾಣುತ್ತದೆ, ಆದರೆ ಅಲ್ಲಿಂದ ಯಾರ ಮುಖವೂ ಕಾಣುವುದಿಲ್ಲ. ತಂಬೂರಿ, ಕೊಳಲುಗಳ ಹಿನ್ನೆಲೆ ಸ್ಥಳದ ಸದ್ದನ್ನು ಮುಚ್ಚಿಹಾಕುತ್ತದೆ. ಅಮ್ಮ ಕಣ್ಣೊರೆಸಿಕೊಳ್ಳುವುದು ಕಾಣುತ್ತಿರುವಾಗಲೇ ಅಮ್ಮನಿಗೆ ದುಃಖವಾಗಿದೆ ಎಂದು ನಿರೂಪಕ ಹೇಳುತ್ತಾನೆ. ಕೊನೆಗೆ ಕಪ್ಪು ಪರದೆಯ ಮೇಲೆ ಅಂಕಿಸಂಖ್ಯೆಗಳ ಸಾಲು. ಒಳ್ಳೆಯ ಸಂಕಲನಕಾರರು ಮೊದಲು ತೆಗೆಯುವುದು ಇವನ್ನೇ. ಹೊಸಬರ ಬಲವೂ ಅಷ್ಟೇ ಸ್ಪಷ್ಟ: ಅವರು ಚಿತ್ರಿಸುವವರು ಹೆಚ್ಚಾಗಿ ಅವರ ಮನೆಯವರು, ಓಣಿಯವರು. ಹೊರಗಿನ ತಂಡಕ್ಕೆ ತಿಂಗಳಾದರೂ ಸಿಗದ ಸಲುಗೆ ಅವರಿಗೆ ಮೊದಲ ದಿನವೇ ಇರುತ್ತದೆ. ಆ ಸಲುಗೆಯ ಜೊತೆ ಹೊಣೆಯೂ ಬರುತ್ತದೆ. ಸ್ವಂತ ಚಿಕ್ಕಮ್ಮ ಕ್ಯಾಮೆರಾ ಮರೆತು ಹೇಳಿದ ಮಾತನ್ನು ಊರಿಗೆ ತೋರಿಸಬಹುದೇ ಎಂದು ಕೇಳಿ ಒಪ್ಪಿಗೆ ಪಡೆಯುವುದು ಚಿತ್ರದ ತಾಂತ್ರಿಕ ಗುಣಕ್ಕಿಂತ ಮುಖ್ಯ.

ಕಲಬುರಗಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳನ್ನು ಈ ಬೆಳಕಿನಲ್ಲಿ ನೋಡಿದರೆ ವಿಷಯಗಳಿಗೆ ಬರವಿಲ್ಲ. ಶಹಾಬಾದಿನ ಕಲ್ಲು ಪದರು ಪದರಾಗಿ ಮಲಗಿರುವ ಸುಣ್ಣಕಲ್ಲು. ಉಳಿ ಇಟ್ಟು ಹದವಾಗಿ ಬಡಿಯುತ್ತಾ ಹೋದರೆ ಪದರು ಬಿಟ್ಟುಕೊಂಡು ಹಾಸುಗಲ್ಲು ಇಡಿಯಾಗಿ ಮೇಲೇಳುತ್ತದೆ. ಕಲ್ಲು ಸಡಿಲಗೊಂಡಂತೆ ಬಡಿತದ ದನಿ ಬದಲಾಗುತ್ತದೆ. ಆ ದನಿಯನ್ನು, ಬಿಸಿಲಿಗೆ ಬೆಳ್ಳಗೆ ಕುಕ್ಕುವ ಗಣಿಯ ತಳವನ್ನು, ಧೂಳು ಮೆತ್ತಿದ ರೆಪ್ಪೆಯನ್ನು ಹಿನ್ನೆಲೆ ಸಂಗೀತವಿಲ್ಲದೆ ಹಿಡಿದರೆ ಹದಿನೈದು ನಿಮಿಷದ ಚಿತ್ರ ತಾನಾಗಿಯೇ ನಿಲ್ಲುತ್ತದೆ. ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಬದುಕು, ತೊಗರಿ ಹೊಲದಿಂದ ದಾಲ್ ಮಿಲ್ಲಿನವರೆಗಿನ ಹಾದಿ, ಸುಗ್ಗಿ ಮುಗಿದೊಡನೆ ಮುಂಬಯಿ, ಪುಣೆ, ಹೈದರಾಬಾದ್‌ಗಳ ಕಡೆ ಗಂಟುಮೂಟೆ ಕಟ್ಟುವ ಕುಟುಂಬಗಳು ಒಂದೊಂದೂ ಒಂದು ಚಿತ್ರಕ್ಕೆ ಸಾಲುತ್ತವೆ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಿಂದ ಒಣಬೇಸಾಯದ ಮನೆಯೊಂದಕ್ಕೆ ಏನು ಸಿಕ್ಕಿತು ಎಂಬುದನ್ನು ಒಂದು ವರ್ಷ ಹಿಂಬಾಲಿಸಿ ಚಿತ್ರ ಮಾಡಬಹುದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ, ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಕೆತ್ತಿದ ಉಬ್ಬುಶಿಲ್ಪ; ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ದಂಡೆಯ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಇವುಗಳ ಬಗ್ಗೆ ವೈಭವದ ಚಿತ್ರಗಳು ಬರುತ್ತಲೇ ಇರುತ್ತವೆ. ಮಳಖೇಡದ ಕೋಟೆಯ ನೆರಳಲ್ಲೇ ಮನೆ ಕಟ್ಟಿಕೊಂಡವರ ನಿತ್ಯದ ಚಿತ್ರ ಬಂದರೆ ಅದರ ತೂಕ ಬೇರೆ.

ಚಿಂಚೋಳಿ ತಾಲ್ಲೂಕಿನ ಚಿತ್ರ ಇನ್ನೊಂದು ಬಗೆಯದು. ಇಲ್ಲಿನ ಕಾಡು 2011ರಲ್ಲಿ ವನ್ಯಧಾಮವಾಯಿತು. ಸುಮಾರು 134 ಚದರ ಕಿಲೊಮೀಟರ್ ಹರಡಿರುವ ಇದಕ್ಕೆ ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂಬ ಹೆಸರಿದೆ. ಚಂದ್ರಂಪಳ್ಳಿ ಜಲಾಶಯ, ಮುಲ್ಲಾಮಾರಿ ನದಿ, ಕಾಡಂಚಿನ ಲಂಬಾಣಿ ತಾಂಡಾಗಳು, ಚಿಮ್ಮನಚೋಡದಂಥ ದೊಡ್ಡ ಹಳ್ಳಿಗಳು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಮಲೆನಾಡಿನ ಮಳೆಕಾಡಿಗೆ ಸಿಕ್ಕ ಕ್ಯಾಮೆರಾ ಈ ಕುರುಚಲು ಕಾಡಿಗೆ ಸಿಕ್ಕಿಲ್ಲ. ಕಾಡು ಉಳಿಸುವ ನಿಯಮ, ದನ ಮೇಯಿಸುವವರ ಹಕ್ಕು, ತಾಂಡಾದ ಸೌದೆ ಮತ್ತು ನೀರು ಇವುಗಳ ನಡುವಿನ ಎಳೆದಾಟವನ್ನು ಯಾವ ಪಕ್ಷವನ್ನೂ ಖಳನಾಗಿಸದೆ ತೋರಿಸಬಲ್ಲ ಚಿತ್ರಕ್ಕೆ ಇಲ್ಲಿ ಜಾಗ ಖಾಲಿ ಇದೆ. ಈ ಸೀಮೆಯ ಮಾತೂ ಒಂದು ಆಸ್ತಿ. ಒಂದೇ ಅಂಗಡಿಕಟ್ಟೆಯ ಮೇಲೆ ಕನ್ನಡ, ದಖ್ಖನಿ ಉರ್ದು, ಲಂಬಾಣಿ, ತೆಲುಗು ಕೇಳಿಸುತ್ತವೆ. ಚಿತ್ರಕ್ಕಾಗಿ ಜನರನ್ನು ಗ್ರಂಥಸ್ಥ ಕನ್ನಡದಲ್ಲಿ ಮಾತನಾಡಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ಆಡುಮಾತು ಹಾಗೇ ಉಳಿಯಲಿ, ಬೆಂಗಳೂರಿನವರಿಗೆ ತಿಳಿಯದಿದ್ದರೆ ಕನ್ನಡದಲ್ಲೇ ಅಡಿಬರಹ ಹಾಕಿದರಾಯಿತು.

ಆದರೆ ಸೇಡಂ ಅಥವಾ ಚಿಂಚೋಳಿಯ ಯುವಕ ಯುವತಿಯರಿಗೆ ಹತ್ತಿರದ ಮಹಾನಗರ ಹೈದರಾಬಾದ್. ಬೆಂಗಳೂರಿನ ಉತ್ಸವವೆಂದರೆ ರಾತ್ರಿಯಿಡೀ ರೈಲು, ವಾರದ ವಸತಿ, ದಿನದ ಕೂಲಿ ಬಿಡುವುದು. ಪ್ರವೇಶ ಶುಲ್ಕ ಕೇಳುವ ಉತ್ಸವಗಳೂ ಇವೆ, ಪ್ರದರ್ಶನಕ್ಕೆ ಗೌರವಧನ ಕೊಡುವವು ತೀರಾ ಕಡಿಮೆ. ಹಣದ ಮೂಲಗಳೂ ಬೆರಳೆಣಿಕೆಯಷ್ಟು. 2000ದಲ್ಲಿ ಆರಂಭವಾದ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ದೂರದರ್ಶನದ ಜೊತೆ ಸೇರಿ ಎಷ್ಟೋ ಹೊಸಬರ ಮೊದಲ ಚಿತ್ರಕ್ಕೆ ಆಸರೆಯಾಯಿತು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ 1990ರ ದಶಕದಿಂದ ಕಲಾವಿದರಿಗೂ ಚಿತ್ರಕಾರರಿಗೂ ಅನುದಾನ ಕೊಡುತ್ತ ಬಂದಿದೆ. ಅರ್ಜಿ ಬರೆಯುವುದು, ಬಜೆಟ್ ಹಾಕುವುದು, ಟ್ರೇಲರ್ ಕಟ್ಟುವುದು ಇವೂ ಕಲಿಯಬೇಕಾದ ವಿದ್ಯೆಗಳು. ಗುಲ್ಬರ್ಗಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ, ಆಳಂದ ತಾಲ್ಲೂಕು ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯ ರಂಗಾಯಣ ಮೂರೂ ಒಂದೇ ಜಿಲ್ಲೆಯಲ್ಲಿವೆ. ತರಗತಿ, ಸಭಾಂಗಣ, ಪ್ರೇಕ್ಷಕರು ಈ ಮೂರನ್ನೂ ಜೋಡಿಸಿ ವರ್ಷಕ್ಕೊಮ್ಮೆ ಮೂರು ದಿನದ ಕಿರು ಸಾಕ್ಷ್ಯಚಿತ್ರೋತ್ಸವ ಮಾಡುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.

ಅಂಥ ಉತ್ಸವ ಪಟ್ಟಣದಲ್ಲಿ ಮುಗಿಯಬೇಕಾಗಿಯೂ ಇಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ದಶಕದ ಕೊನೆಯ ಹೊತ್ತಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿತು, ರಸಗ್ರಹಣ ಶಿಬಿರಗಳನ್ನು ನಡೆಸಿತು. 1983ರಲ್ಲಿ ಆರಂಭಿಸಿದ ‘ಜನಸ್ಪಂದನ’ದ ಮೂಲಕ ಆ ಕೆಲಸವನ್ನು ರಾಜ್ಯದ ಬೇರೆ ಊರುಗಳಿಗೂ ಒಯ್ದಿತು. ಆಗ ಫಿಲ್ಮ್ ಡಬ್ಬಿಗಳನ್ನು ಬಸ್ಸಿನ ಮೇಲೆ ಹೊತ್ತು ತರಬೇಕಿತ್ತು. ಈಗ ಇಡೀ ಉತ್ಸವ ಒಂದು ಹಾರ್ಡ್ ಡಿಸ್ಕಿನಲ್ಲಿ ಕೂರುತ್ತದೆ. ಕಲ್ಲುಗಣಿಯ ಚಿತ್ರವನ್ನು ಶಹಾಬಾದಿನ ಕಾರ್ಮಿಕರ ಓಣಿಯಲ್ಲಿ, ತಾಂಡಾದ ಚಿತ್ರವನ್ನು ತಾಂಡಾದಲ್ಲೇ ಮೊದಲು ತೋರಿಸಿದರೆ ನಿರ್ದೇಶಕರಿಗೆ ಸಿಗುವ ವಿಮರ್ಶೆ ಯಾವ ತೀರ್ಪುಗಾರರೂ ಕೊಡಲಾರದಂಥದ್ದು. ಯೂಟ್ಯೂಬಿನಲ್ಲಿ ಹಾಕಿದ ಚಿತ್ರವನ್ನು ಎಲ್ಲರೂ ನೋಡಬಹುದು, ನಿಜ. ಆದರೆ ಒಬ್ಬೊಬ್ಬರೇ ಮೊಬೈಲಿನಲ್ಲಿ ನೋಡುವಾಗ ಊರಿನ ವಾದ, ಜಗಳ, ತಿದ್ದುಪಡಿ ಹುಟ್ಟುವುದಿಲ್ಲ.

ಚಿತ್ರಗಳು ಉಳಿಯುವ ಪ್ರಶ್ನೆ ಕೊನೆಯದು. ಫಿಲ್ಮ್ಸ್ ಡಿವಿಷನ್ ಮತ್ತು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಗಿವೆ. ಸರ್ಕಾರಿ ಚಿತ್ರಗಳಿಗೆ ಅಲ್ಲೊಂದು ನೆಲೆಯಿದೆ. ಯುಗಾಂತರ್‌ನ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಡಿಜಿಟಲ್ ರೂಪದಲ್ಲಿ ಪುನರುಜ್ಜೀವನಗೊಳಿಸಿದ್ದರಿಂದ ನಿಪ್ಪಾಣಿಯ ಹೆಂಗಸರ ದನಿ ಇಂದಿನ ವಿದ್ಯಾರ್ಥಿಗಳಿಗೂ ಕೇಳಿಸುತ್ತಿದೆ. ಹೊಸಬರ ಚಿತ್ರಗಳು ಹಾಗಲ್ಲ. ಅವು ಇರುವುದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಅವಧಿ ಮುಗಿಯುವ ಲಿಂಕ್‌ಗಳಲ್ಲಿ. ಉತ್ಸವಗಳು ತಮಗೆ ಬಂದ ಕನ್ನಡ ಚಿತ್ರಗಳ ಒಂದೊಂದು ಪ್ರತಿಯನ್ನು ನಿರ್ದೇಶಕರ ಒಪ್ಪಿಗೆ ಪಡೆದು, ವರ್ಷ, ಊರು, ಭಾಷೆಗಳ ವಿವರದೊಂದಿಗೆ ವಿಶ್ವವಿದ್ಯಾಲಯದ ಗ್ರಂಥಾಲಯವೊಂದರಲ್ಲಿ ಇಡುವ ಏರ್ಪಾಡು ಮಾಡಿಕೊಂಡರೆ, ಮುಂದೆ ಈ ಸೀಮೆಯ ಬಗ್ಗೆ ಚಿತ್ರ ಮಾಡುವವರು ಹಿಂದಿನವರು ಎಲ್ಲಿಗೆ ತಂದು ಬಿಟ್ಟಿದ್ದಾರೋ ಅಲ್ಲಿಂದ ಕೆಲಸ ಶುರು ಮಾಡಬಹುದು.